ಮುಖ ಕಾಣದ ಹಲ್ಲಿನ ಡಾಕ್ಟರು

ಶೆಟ್ಟಿಕೆರೆಯ ಅಂಚೆ ಕಚೇರಿಯ ಫೋನನ್ನು ಊದಿದ ಕೆನ್ನೆಗೆ ತಾಗದಂತೆ ಹಿಡಿದು ನಾನು ಅಳುತ್ತಿದ್ದೆ. ಊರಲ್ಲಿ ಕಾಲರಾ ಹಬ್ಬಿ ಬಸ್ಸು ನಿಲ್ಲಿಸಿದ್ದರು, ಯಾರೂ ಊರು ದಾಟುವಂತಿರಲಿಲ್ಲ. ದವಡೆ ಹಲ್ಲು ಕೀವಾಗಿ ಮೂರು ದಿನದಿಂದ ಗಂಜಿಯೂ ಇಳಿದಿರಲಿಲ್ಲ. ನೋಡಲಾರದೆ ಪೋಸ್ಟ್ ಮಾಸ್ಟರು ತಿಪಟೂರಿನ ಹಲ್ಲಿನ ಡಾಕ್ಟರಿಗೆ ಟ್ರಂಕಾಲ್ ಹಾಕಿಕೊಟ್ಟಿದ್ದರು.

"ಅಳಬ್ಯಾಡ ಕಣಮ್ಮ, ನಿಧಾನಕ್ಕೆ ಹೇಳು. ಬಾಯೊಳಕ್ಕೆ ಎರಡು ಬೆರಳು ಹಿಡೀತವಾ? ಉಗುಳು ನುಂಗಕ್ಕಾಯ್ತದಾ?" ಎಂದರು ಡಾಕ್ಟರು.

ಆಗುತ್ತದೆ ಎಂದೆ.

"ಹಂಗಾದ್ರೆ ಹೆದರಬ್ಯಾಡ. ಕೆನ್ನೆಗೆ ಶಾಖ ಮಾತ್ರ ಕೊಡಬ್ಯಾಡ."

ಆಮೇಲೆ, ಕಾಲರಾ ಸೂಜಿ ಹಾಕಲು ಊರಿಗೆ ಬಂದಿದ್ದ ನರ್ಸಮ್ಮನನ್ನು ಫೋನಿಗೆ ಕರೆಸಿ, ನನಗೆ ಯಾವ ಇಂಜೆಕ್ಷನ್ ಕೊಡಬೇಕೆಂದು ಹೇಳಿದರು. ಮರುದಿನದಿಂದ ದಿನಾ ಬೆಳಿಗ್ಗೆ ಡಾಕ್ಟರೇ ಫೋನ್ ಮಾಡಿ ವಿಚಾರಿಸತೊಡಗಿದರು. ನಾಲ್ಕನೆಯ ದಿನ ಬಾವು ಇಳಿದು ಮೆತ್ತಗೆ ಕಲಸಿದ ಅನ್ನ ತಿಂದೆ.

ಬಸ್ಸು ಮತ್ತೆ ಓಡಲು ಎರಡು ತಿಂಗಳಾಯಿತು. ತೋಟದ ಎಳನೀರು ಗೊನೆ ಹೊತ್ತು ತಿಪಟೂರಿಗೆ ಹೋದರೆ, ಅವರು ಊರು ಬಿಟ್ಟು ಹೋಗಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಹಲ್ಲನ್ನು ಬೇರೊಬ್ಬರು ಕಿತ್ತರು.

ಎಲ್ಲಾದರೂ ಒಮ್ಮೆ ಅವರು ಎದುರಾದರೆ, "ನಾನೇ ಕಣ್ರೀ, ಶೆಟ್ಟಿಕೆರೆಯವಳು" ಎಂದು ಬಾಯ್ತುಂಬ ನಗಬೇಕೆಂಬ ಆಸೆ ಇಂದಿಗೂ ಹಾಗೇ ಇದೆ.