ಕೀರ್ತಿಶೇಷರ ಕೆಳಗಿನ ಸಾಲು

ಆಂಧ್ರದ ಆದೋನಿಗೆ ಬಂದ ಎರಡನೇ ತಿಂಗಳಲ್ಲಿ, ಬದುಕಿದ್ದ ಮನುಷ್ಯರೊಬ್ಬರನ್ನು ನನ್ನ ಆ್ಯಪು ಸತ್ತವರ ಸಾಲಿಗೆ ಸೇರಿಸಿತು. ಅವರು ನನ್ನ ಮನೆ ಒಡತಿಯ ಸ್ವಂತ ಅಣ್ಣ.

ಗದಗಿನ ಅಚ್ಚುಕೂಟವೊಂದರಲ್ಲಿ ನಾನು ಹನ್ನೆರಡು ವರ್ಷ ಲಗ್ನಪತ್ರಿಕೆ ಜೋಡಿಸಿದವಳು. ಅಲ್ಲಿ ಗಿರಾಕಿಗಳು ಪಕ್ಕದಲ್ಲೇ ಕೂತು ಹೆಸರನ್ನು ಇನ್ನೊಂದಿಷ್ಟು ದಪ್ಪ ಮಾಡಿಸುತ್ತಿದ್ದರು. ಇಲ್ಲಿ ಅದಕ್ಕೆ ಶುಭಲೇಖ ಎನ್ನುತ್ತಾರೆ. ಒಂದು ಮಗ್ಗುಲು ಕನ್ನಡ, ಇನ್ನೊಂದು ತೆಲುಗು ಬೇಕು. ಜನ ತಮ್ಮ ಫೋನಿನಲ್ಲೇ ಎರಡನ್ನೂ ಬರೆದು, ದಪ್ಪ ಮಾಡಿ, ಬಣ್ಣ ಹಚ್ಚುವಂಥ ಎಡಿಟರ್ ಕಟ್ಟಿದರೆ ಈ ಸೀಮೆಯೇ ನನ್ನ ಅಂಗಡಿ ಎಂದುಕೊಂಡು ಬಂದೆ. ಸಿದ್ಧ ಎಡಿಟರುಗಳಲ್ಲಿ ಎರಡು ಲಿಪಿ ಕೂಡಿದರೆ ಸಾಲುಗಳು ಕುಣಿಯುತ್ತಿದ್ದವು. ಹಾಗಾಗಿ ಈ ಆ್ಯಪನ್ನು ಮೊದಲಿನಿಂದ ಕೋಡ್ ಬರೆದು ನಾನೇ ಕಟ್ಟಿದೆ.

ಹೊಸ ಊರಿಗೆ ಹೋಗುವವರಿಗೆ ನನ್ನದೊಂದು ಮಾತು: ಬಾಡಿಗೆ ಆಮೇಲೆ, ಮೊದಲು ನೀರಿನ ಮಾತು ಮುಗಿಸಿ. ಒಡತಿ ನರಸಮ್ಮನವರ ಜೊತೆ ಹಾಗೇ ಕುದುರಿಸಿದೆ. ದಿನಕ್ಕೆ ಆರು ಕೊಡ ನೀರು ಅವರದು, ಅವರ ಮಗಳ ಲಗ್ನಪತ್ರಿಕೆ ನನ್ನದು. ಮುಂಜಾನೆ ಉಗ್ಗಾಣಿಯೂ ಬರುತ್ತಿತ್ತು. ನಮ್ಮ ಗಿರ್ಮಿಟ್ಟಿನದೇ ಚುರುಮುರಿ, ಆದರೆ ಇಲ್ಲಿ ನೀರಲ್ಲಿ ನೆನೆಸಿ ಒಗ್ಗರಣೆ ಹಾಕುತ್ತಾರೆ. ತಿನ್ನುವಾಗ ಗದಗ ನೆನಪಾಗುತ್ತದೆ, ನಾಲಿಗೆಗೆ ಮಾತ್ರ ಆ ರುಚಿ ಸಿಗುವುದಿಲ್ಲ.

ಪತ್ರಿಕೆಯಲ್ಲಿ ತೀರಿಕೊಂಡ ಹಿರಿಯರ ಹೆಸರಿನ ಮುಂದೆ ‘ಕೀರ್ತಿಶೇಷ’ ಹಾಕುವುದು ಪದ್ಧತಿ. ಅದಕ್ಕೊಂದು ಬಟನ್ ಕೊಟ್ಟಿದ್ದೆ. ಪಟ್ಟಿಯ ಬುಲೆಟ್ ಚುಕ್ಕಿಯ ಹಾಗೆ ಕಟ್ಟಿದ್ದೇ ತಪ್ಪಾಯಿತು: ಎಂಟರ್ ಒತ್ತಿದರೆ ಅದು ಮುಂದಿನ ಸಾಲಿಗೂ ತಾನಾಗಿ ಇಳಿಯುತ್ತಿತ್ತು. ನರಸಮ್ಮ ಮಗಳ ಪತ್ರಿಕೆಯಲ್ಲಿ ತಮ್ಮ ತಂದೆಯ ಹೆಸರು ಬರೆದರು, ಎಂಟರ್ ಒತ್ತಿದರು, ಅಣ್ಣ ಈರಣ್ಣನವರ ಹೆಸರು ಬರೆದರು. ಕಣ್ಣು ಅಕ್ಷರ ಹುಡುಕುವುದರಲ್ಲೇ ಇತ್ತು. ನೋಡಲೆಂದು ಬಂಧುಗಳಿಗೆಲ್ಲ ಕಳಿಸಿಯೂಬಿಟ್ಟರು.

ಮರುದಿನ ಅವರು ಉಗ್ಗಾಣಿಯಿಲ್ಲದೆ ಬಾಗಿಲಿಗೆ ಬಂದರು. “ಅಣ್ಣ ಪೆದ್ದಕಡುಬೂರಿಂದ ಬರಾಕತ್ತಾನ. ಸೋದರಮಾವ ಇಲ್ದ ಲಗ್ನ ಆಗಂಗಿಲ್ಲ. ಆತ ಮುನಿಸ್ಕಂಡ್ರ ನೀನು ರೂಮು ಖಾಲಿ ಮಾಡಮ್ಮಾ.”

ಅವರ ಬಸ್ಸು ಬರುವಷ್ಟರಲ್ಲಿ ಆ್ಯಪು ತಿದ್ದಬೇಕು. ಇತ್ತ ಸರಿಮಾಡಿದರೆ ಅತ್ತ ಬಣ್ಣ ಹಾರುತ್ತಿತ್ತು. ಗಂಟುಮೂಟೆ ಕಟ್ಟಿ ಗದಗಿಗೆ ಹೋದರೆ ಹಳೆಯ ಕುರ್ಚಿಯಲ್ಲಿ ಈಗ ಬೇರೆಯವರಿದ್ದಾರೆ, ಅದೇ ತಲೆಯಲ್ಲಿ.

ತಿದ್ದಿ ಮುಗಿಸಿದ್ದೆ, ಒತ್ತಿ ನೋಡಿರಲಿಲ್ಲ; ಅಷ್ಟರಲ್ಲಿ ಈರಣ್ಣನವರು ಚಪ್ಪಲಿ ಬಿಟ್ಟು ಒಳಬಂದು ಕೂತರು. “ನನ್ನ ಮಣ್ಣು ಮಾಡಾಕ ನಾನೇ ಬಂದೀನವ್ವಾ. ಫೋನು ಕೊಡು.”

ಅಪ್ಪನ ಹೆಸರಿನ ಕೊನೆಗೆ ಬೆರಳಿಟ್ಟು ತಾವೇ ಎಂಟರ್ ಒತ್ತಿದರು. ಖಾಲಿ ಸಾಲು. ಅಳಿಸಿ ಮತ್ತೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ‘ಕೀರ್ತಿಶೇಷ’ ಇಳಿಯಲಿಲ್ಲ. ತಮ್ಮ ಹೆಸರು ಬರೆದು, ನನ್ನ ಕಡೆ ನೋಡಿದರು.

“ಪತ್ರಿಕಿ ಮಾಡಿದಾಕಿ ಹೆಸರು ಎಲ್ಲೈತಿ? ಕೆಳಗ ಹಾಕು. ಮತ್ತ ತಪ್ಪಾದ್ರ ಯಾರನ್ನ ಬೈಬೇಕು ಗೊತ್ತಾಗಬೇಕಲ್ಲ. ಊರೂ ಹಾಕು.”

ನನ್ನ ಹೆಸರು ಹಾಕಿ ಗದಗ ಎಂದು ಬರೆದೆ, ಊರು ಅಳಿಸಿದೆ. ಆದೋನಿ ಎಂದು ಬರೆದೆ. ಅದನ್ನೂ ಅಳಿಸುವ ಮೊದಲೇ ನರಸಮ್ಮ ಫೋನು ಕಸಿದು ಅಚ್ಚಿಗೆ ಕಳಿಸಿಬಿಟ್ಟರು.

ನನ್ನ ಹೆಸರಿರುವ ಮೊದಲ ಪತ್ರಿಕೆ ಅದು. ಹೆಸರಿನ ಜೊತೆ ಆದೋನಿ ಎಂದಿದೆ; ಗದಗಿನಲ್ಲಿರುವ ಅವ್ವನಿಗೆ ಇನ್ನೂ ತೋರಿಸಿಲ್ಲ.