ರೆಪ್ಪೆಯ ಮೇಲಿಟ್ಟ ಕೆಂಪು ಹರಳು

ಹರಳು, ಗ್ರಹ ಇವನ್ನೆಲ್ಲ ನಾನು ನಂಬಿದವಳಲ್ಲ. ಬೆರಳಿಗೊಂದು ಬಣ್ಣದ ಉಂಗುರ ಹಾಕಿಕೊಂಡವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದೆ. ಈಗಲೂ ನಂಬಿದ್ದೇನೆಂದು ಹೇಳಲಾರೆ, ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆನೆಂಬುದನ್ನು ನಡೆದ ಹಾಗೆ ಬರೆಯುತ್ತೇನೆ. ಅರ್ಥ ಹೇಳುವುದು ನನ್ನಿಂದಾಗದು.

ನಮ್ಮದು ಕುಷ್ಟಗಿ. ನಮ್ಮ ಮನೆಯವರು ದರ್ಜಿ. ಕೆಲವು ವರ್ಷಗಳ ಹಿಂದೆ ಅವರಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗತೊಡಗಿತು. ಕೊಪ್ಪಳದ ಡಾಕ್ಟರು, ಕಣ್ಣಿನೊಳಗೆ ಒತ್ತಡ ಏರಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಿ ಎಂದು ಹನಿ ಔಷಧ ಬರೆದುಕೊಟ್ಟರು. ಇದೇ ಬೇನೆಯಿಂದ ನಮ್ಮ ಅತ್ತೆಯ ಎರಡೂ ಕಣ್ಣು ಎಂದೋ ಹೋಗಿದ್ದವು. ಮಗನಿಗೂ ಅದೇ ಕತ್ತಲು ಬರುತ್ತದೆಂಬ ಭಯ ಅವರನ್ನು ಹಿಡಿದುಬಿಟ್ಟಿತು. ಕಣ್ಣಿಗೆ ಸೂರ್ಯ ಒಡೆಯ, ಅವನಿಗೆ ಮಾಣಿಕ್ಯ, ಮಾಣಿಕ್ಯ ಕೈಗೆಟುಕದಿದ್ದರೆ ಸ್ಪಿನೆಲ್ ಎಂಬ ಕೆಂಪು ಹರಳಾದರೂ ಸಾಕು ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

“ಹನಿ ಬಿಡು ಅನ್ನಂಗಿಲ್ಲ ನಾ. ಅದರ ಜೋಡಿ ಇದೂ ಇರ್ಲಿ. ನಿಮಗ ನಗಿ ಬರ್ತೈತಿ, ಕತ್ತಲದಾಗ ಕುಂತಾಕಿ ನಾ ಅಲ್ಲೇನು?” ಎಂದರು ಅತ್ತೆ.

ಅತ್ತೆಯ ಮೇಲೆ ಒಂದು ಕಣ್ಣಿಡು ಎಂದು ಪಕ್ಕದ ಮನೆಯ ಶಾಂತಾಗೆ ಹೇಳಿ, ನಾವಿಬ್ಬರೂ ಮುಂಜಾನೆ ಬಸ್ಸು ಹತ್ತಿದೆವು. ಕನಕಗಿರಿ ದಾಟಿ ಭತ್ತದ ಹಸಿರು ಶುರುವಾದ ಮೇಲೆ ಗಂಗಾವತಿ ಬಂತು.

ಖಾಸಿಂಸಾಬರ ಹರಳಿನ ಅಂಗಡಿ ಒಂದೇ ಕೋಣೆ. ನೀಲಿ ಗೋಡೆ, ಅದರ ಮುಂದೆ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ತಕ್ಕಡಿ. ಅವರು ಕಾಗದದ ಮಡಿಕೆ ಬಿಚ್ಚಿ, ದಾಳಿಂಬೆ ಕಾಳಿನಷ್ಟು ದೊಡ್ಡ, ಎಲ್ಲ ಕಡೆ ಹೊಳೆಯುವ ಪುಟ್ಟ ಚಪ್ಪಟೆ ಮುಖಗಳಾಗಿ ಕಡೆದ ಹರಳನ್ನು ತೋರಿಸಿದರು. ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು.

“ಭಟ್ಟ್ಯಾಗ ಮಾಡಿದ್ದು ಭಾಳ ಸ್ವಚ್ಛ ಇರತೈತ್ರಿ. ನೆಲದಾಗ ಹುಟ್ಟಿದ್ದರಾಗ ಒಂದೀಟು ಕಸ ಇರಬೇಕು. ಇದು ಅಸಲಿ ಐತಿ.”

“ಕಸ ಇದ್ರ ಅಸಲಿ ಅಂದ್ರ ನಮ್ಮ ಮನಿನೂ ಅಸಲಿನ ಬಿಡ್ರಿ,” ಎಂದು ನಮ್ಮ ಮನೆಯವರು ನನ್ನ ಕಡೆ ನೋಡಿದರು. ಸಾಬರು ನಕ್ಕರು. ನಾನು ನಗಲಿಲ್ಲ.

ನಮ್ಮ ಕಡೆ ಹರಳು ಕೊಳ್ಳುವವರದು ಒಂದು ರೂಢಿ. ಲ್ಯಾಬಿನ ಚೀಟಿ ಏನೇ ಹೇಳಲಿ, ಒಂದು ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಇಟ್ಟುಕೊಂಡು ನೋಡುತ್ತಾರೆ. ಗಾಜು ಬೇಗ ಬೆಚ್ಚಗಾಗುತ್ತದೆ, ನಿಜವಾದ ಹರಳು ತಂಪು ಹಿಡಿದುಕೊಂಡಿರುತ್ತದೆ. ನಮ್ಮವರ ಕಣ್ಣಿಗೆ ಏನೂ ತಾಕಿಸುವುದು ಬೇಡವೆಂದು ನಾನೇ ಬಲಗಣ್ಣು ಮುಚ್ಚಿ ಇಟ್ಟುಕೊಂಡೆ. ಎಡಗಣ್ಣು ತೆರೆದೇ ಇತ್ತು, ತಕ್ಕಡಿಯನ್ನು ನೋಡುತ್ತಿತ್ತು.

ಹರಳು ಮಂಜಿನಂತೆ ತಣ್ಣಗಿತ್ತು. ಆಮೇಲೆ, ಮುಚ್ಚಿದ ಬಲಗಣ್ಣಿನಲ್ಲಿ ನಮ್ಮ ಅಡುಗೆಮನೆ ಕಂಡಿತು. ನಿಂತು ನೋಡಿದ ಹಾಗಲ್ಲ, ಕೆನ್ನೆ ನೆಲಕ್ಕೆ ಹಚ್ಚಿ ಮಲಗಿದರೆ ಕಾಣುವ ಹಾಗೆ, ಅಡ್ಡಡ್ಡ. ಸಿಲಿಂಡರಿನ ಬುಡ, ಗ್ಯಾಸಿನ ಕಟ್ಟೆಯಿಂದ ತೊಟ್ಟಿಕ್ಕುವ ಹಾಲು, ಹಿಟ್ಟಿನ ಡಬ್ಬಿಯ ಸ್ಟ್ಯಾಂಡಿನ ಕೆಳಗೆ ನಾನು ಎಷ್ಟು ಹುಡುಕಿದರೂ ಸಿಗದಿದ್ದ ಸ್ಟೀಲ್ ಮುಚ್ಚಳ.

ಕೈ ತೆಗೆದೆ. ಏನೂ ಇಲ್ಲ. ಆದರೂ ಶಾಂತಾಗೆ ಫೋನು ಮಾಡಿದೆ.

“ಈಗರ ಮಾತಾಡ್ಸಿ ಬಂದೇನ್ರಿ ಅಕ್ಕಾರ, ಆರಾಮ ಅದಾರ. ಹಾಲು ಕಾಸ್ಕೋತೀನಿ ಅಂದ್ರು.”

“ಮತ್ತೊಮ್ಮಿ ಹೋಗು ಶಾಂತಾ. ಫೋನ್ ಇಡಬ್ಯಾಡ.”

ಅವಳ ಚಪ್ಪಲಿಯ ಸಪ್ಪಳ ಕೇಳಿತು. ಬಾಗಿಲು ಬಡಿದದ್ದು ಕೇಳಿತು. ಮತ್ತೆ ಬಡಿದಳು. “ಚಿಲಕ ಹಾಕ್ಯಾರ್ರಿ. ಕರದ್ರ ಓಗೊಡವಲ್ರು. ಹಿತ್ತಲ ಕಿಡಕಿಗೆ ಹೋಗಿ ನೋಡ್ತೀನಿ ತಡೀರಿ...” ಆಮೇಲೆ ಸದ್ದಿಲ್ಲ. ನಮ್ಮ ಮನೆಯವರು ನನ್ನ ಮುಖವನ್ನೇ ನೋಡುತ್ತ ಎದ್ದು ನಿಂತಿದ್ದರು. “ಯಪ್ಪಾ! ಗ್ಯಾಸ್ ವಾಸನಿ ಬರಾಕತ್ತೈತಿ! ಅತ್ತಿಯಾರು ಕೆಳಗ ಬಿದ್ದಾರ!” ಎಂದು ಕೂಗಿದವಳೇ ಯಾರನ್ನೋ ಕರೆಯುತ್ತ ಓಡಿದಳು.

ಚಿಲಕ ಮುರಿದರು, ರೆಗ್ಯುಲೇಟರ್ ತಿರುವಿದರು. ಉಕ್ಕಿದ ಹಾಲು ಉರಿಯನ್ನು ಆರಿಸಿ ಗ್ಯಾಸು ಹಾಗೇ ಹೊರಡುತ್ತಿತ್ತಂತೆ. ಅತ್ತೆಗೆ ಹಣೆಗೊಂದು ಪೆಟ್ಟು ಬಿಟ್ಟರೆ ಜೀವಕ್ಕೆ ಅಪಾಯವಿಲ್ಲ ಎಂದು ತಿಳಿದದ್ದು ನಾವು ಬಸ್ಸಿನಲ್ಲಿದ್ದಾಗ. ಮುಷ್ಟಿ ಬಿಚ್ಚಿದರೆ ಹರಳು ನನ್ನ ಕೈಯಲ್ಲೇ ಇತ್ತು. ಗಾಬರಿಯಿಂದ ಸಾಬರಿಗೆ ಫೋನು ಮಾಡಿದರೆ ಅವರು, “ಮನ್ಯಾಗ ಇಟ್ಟು ನೋಡ್ರಿ. ಕೂಡಿ ಬಂದ್ರ ತಗೋರಿ, ಇಲ್ಲಂದ್ರ ತಂದು ಕೊಡ್ರಿ,” ಎಂದರು. ಅದೂ ಅವರ ವ್ಯಾಪಾರದ ರೂಢಿಯೇ.

ಮನೆಗೆ ಬಂದು ಮೊದಲು ಸ್ಟ್ಯಾಂಡಿನ ಕೆಳಗೆ ಬಗ್ಗಿ ನೋಡಿದೆ. ಮುಚ್ಚಳ ಅಲ್ಲಿತ್ತು.

ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅತ್ತೆ ಸಂಜೆ ನನ್ನನ್ನು ಹತ್ತಿರ ಕರೆದರು. “ಯವ್ವಾ, ನೀಲಿ ಗ್ವಾಡಿ ಮುಂದ ಗಾಜಿನ ಪೆಟಿಗ್ಯಾಗ ಸಣ್ಣ ತಕ್ಕಡಿ ಇಟ್ಟಿದ್ರಲ್ಲ, ಅದು ಯಾವ ಜಾಗಾ?”

ಅಂಗಡಿಯ ಬಗ್ಗೆ ನಾವಿಬ್ಬರೂ ಮನೆಯಲ್ಲಿ ಇನ್ನೂ ಬಾಯಿಬಿಟ್ಟಿರಲಿಲ್ಲ.

“ಬಿದ್ದಾಗ ಕಂಡತು. ಇಷ್ಟು ವರ್ಷದ ಮ್ಯಾಲ ಕಂಡತು ನೋಡು,” ಎಂದರು. ಅವರ ದನಿಯಲ್ಲಿ ಹೆದರಿಕೆಯಿರಲಿಲ್ಲ, ಹಸಿವಿತ್ತು. ನಾನು ಕಂಡದ್ದನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತೋ ಏನೋ. ಮರುದಿನ ಬೆಳಗಾದೊಡನೆ ಅವರದು ಒಂದೇ ಹಟ. “ನನ್ನ ಮಗ ಬಸೂನ್ನ ನಿನ್ನ ಮುಂದ ಕುಂದರ್ಸು. ನೀ ಹಂಗ ಹರಳು ಕಣ್ಣಿಗೆ ಇಟ್ಕೋ. ಒಮ್ಮಿ ಅವನ ಮುಖ ನೋಡ್ತೀನಿ.”

“ಹುಚ್ಚು ಹಿಡದೈತಿ ಅತ್ತಿ ಸೊಸಿಗೆ,” ಎನ್ನುತ್ತಲೇ ನಮ್ಮವರು ಕಿಟಕಿಯ ಬೆಳಕಿಗೆ ಸ್ಟೂಲು ಹಾಕಿಕೊಂಡು ಕೂತರು. ಅತ್ತೆ ಮಗನನ್ನು ಮುಟ್ಟಲಾಗದಷ್ಟು ದೂರ, ಮಂಚದ ಮೇಲಿದ್ದರು. ಬಲಗಣ್ಣು ಮುಚ್ಚಿ ಹರಳು ಇಟ್ಟುಕೊಂಡೆ. ಹಗಲಿನಲ್ಲಿ ಕಣ್ಣು ಮುಚ್ಚಿದರೂ ರೆಪ್ಪೆಯಾಚೆ ಒಂದಿಷ್ಟು ಕೆಂಪು ಬೆಳಕು ಇದ್ದೇ ಇರುತ್ತದೆ. ಈ ಸಲ ಅದೂ ಇರಲಿಲ್ಲ. ಕತ್ತಲೆಂದರೂ ತಪ್ಪಾದೀತು, ಆ ಕಡೆ ನನಗೆ ಕಣ್ಣೇ ಇಲ್ಲದ ಹಾಗಿತ್ತು. ನಮ್ಮವರು ಕೈ ಎತ್ತಿ ಕಿಟಕಿಯ ಪರದೆ ಸರಿಸಿದರು. “ಈ ಕಣ್ಣು ಇಲ್ಲದಂಗ ಆಗೈತ್ರಿ ಅತ್ತಿ,” ಎಂದೆ.

“ತಗದಿಡವಾ,” ಎಂದರು ಅತ್ತೆ ತಟ್ಟನೆ. “ಏನೂ ಕಾಣ್ಲಿಲ್ಲ. ಇನ್ನ ಮ್ಯಾಲ ಎಂದೂ ಕಣ್ಣಿಗೆ ಹಿಡೀಬ್ಯಾಡ.”

ನಮ್ಮವರು ಎದ್ದು ತಮ್ಮ ಹೊಲಿಗೆ ಅಂಗಡಿಗೆ ಹೊರಟರು. ಹೊಸ್ತಿಲು ದಾಟುವಾಗ ಅತ್ತೆ ಮೆಲ್ಲಗೆ ಹೇಳಿದರು: “ಬಸೂ, ಆ ಅಂಗಿ ಬಿಚ್ಚಿಟ್ಟು ಹೋಗಪಾ. ಬಗಲಾಗ ಹೊಲಿಗಿ ಬಿಟ್ಟೈತಿ. ದರ್ಜಿ ಅನಸ್ಕೊಂಡಾವ ನೀನು.”

ಪರದೆ ಸರಿಸಲು ಅವರು ಕೈ ಎತ್ತಿದಾಗ ಆ ಹರಿದ ಹೊಲಿಗೆಯನ್ನು ನನ್ನ ಎಡಗಣ್ಣು ಕಂಡಿತ್ತು. ಅದರ ಬಗ್ಗೆ ನಾನು ಬಾಯಿಬಿಟ್ಟಿರಲಿಲ್ಲ. ನಮ್ಮವರು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. “ಹನಿ ಹಾಕ್ಕೊಂಡ್ರೂ ಈಗ ಸೂಜಿ ಪೋಣಿಸಾಕ ಒಟ್ಟ ಆಗವಲ್ತು,” ಎಂದರು. ಅಷ್ಟು ದಿನ ಮುಚ್ಚಿಟ್ಟಿದ್ದ ಮಾತು ಅದು. ಅಂದೇ ಮತ್ತೆ ಡಾಕ್ಟರ ಬಳಿ ಹೋದೆವು. ಔಷಧ ಬದಲಾಯಿತು. ಉಳಿದ ದೃಷ್ಟಿ ಇಂದಿಗೂ ಉಳಿದಿದೆ.

ಹರಳನ್ನು ಕೊಂಡೆವು, ಉಂಗುರವಾಗಿ ನಮ್ಮವರ ಬೆರಳಿನಲ್ಲಿದೆ. ಅತ್ತೆ ಬದುಕಿದ್ದಷ್ಟು ದಿನ ಎಷ್ಟು ಸಲ ಕೇಳಿದರೂ, “ಕಾಣ್ಲಿಲ್ಲ ಅಂದ್ನೆಲ್ಲ,” ಎನ್ನುವುದೊಂದೇ ಉತ್ತರ. ಮೊದಲ ದಿನ ನನ್ನ ಕಣ್ಣಿಗೆ ಬಂದದ್ದು ಯಾರ ನೋಟ? ಅವರಿಗೆ ನೋಟವೇ ಇರಲಿಲ್ಲವಲ್ಲ.

ಉಂಗುರವನ್ನು ಈಗಲೂ ನಾನೇ ತೊಳೆಯುತ್ತೇನೆ. ಮನೆಯಲ್ಲಿ ಯಾರೂ ಇಲ್ಲದಾಗ ಒದ್ದೆ ಹರಳನ್ನು ಒಮ್ಮೊಮ್ಮೆ ರೆಪ್ಪೆಯ ಹತ್ತಿರದ ತನಕ ಒಯ್ಯುತ್ತೇನೆ. ಅಲ್ಲಿಂದ ಮುಂದೆ ಕೈ ಹೋಗುವುದಿಲ್ಲ.