ವಿಸಿಲ್ ಎಣಿಸಿ ಕೆಡಿಸಿದ ಅವರೆ

ಸರಸು, ಆ ಅವರೆಬೇಳೆ ಸೀಸೆಗಳನ್ನು ಬೀಳಿಸಿದ್ದು ನೀನಲ್ಲ, ನಾನು. ಬೇಕೆಂದೇ ಬೀಳಿಸಿದೆ. ಬೀಳಿಸಿ, ನೀನು ಅಡುಗೆಮನೆಯ ಹಲಗೆ ಒರೆಸುವಾಗ ಅವನ್ನು ಅಂಚಿಗೆ ಇಟ್ಟಿರಬೇಕು ಎಂದು ಅತ್ತೆಗೆ ಹೇಳಿದೆ. ಓರಗಿತ್ತಿಯಾಗಿ ಬಂದು ನನ್ನನ್ನು ಅಕ್ಕ ಎನ್ನುವ ನಿನ್ನ ಮೇಲೆ —

ಶೆಟ್ಟಿಹಳ್ಳಿಯ ನಮ್ಮ ಹೊಲ ಬಿಲ್ಡರ್ ಕೈಗೆ ಹೋಗುವ ಮುಂಚಿನ ಕೊನೆಯ ಅವರೆ ಅದು. ನೀನೂ ಅತ್ತೆಯೂ ಮಧ್ಯಾಹ್ನವೆಲ್ಲ ಕೂತು ನೆನೆದ ಕಾಳು ಹಿತುಕಿದಿರಿ. "ಗೌರಿ ಹಬ್ಬಕ್ಕೆ ಮಗಳು ಬಂದಾಗ ಇದ್ರದ್ದೇ ಸಾರು ಆಗ್ಬೇಕು" ಅಂದರು ಅತ್ತೆ. ಚಳಿಗಾಲದ ಅವರೆಗೂ ಗೌರಿ ಹಬ್ಬಕ್ಕೂ ಎಲ್ಲಿಯ ನಂಟು! ಸೀಸೆಗೆ ತುಂಬಿ, ಒತ್ತಡದ ಹಬೆಯಲ್ಲಿ ಬೇಯಿಸಿ ಮುಚ್ಚಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದು ನಾನು ಮೊಬೈಲಿನಲ್ಲಿ ನೋಡಿದ್ದೆ. ನನ್ನ ಕುತೂಹಲ ನಿನಗೆ ಗೊತ್ತಲ್ಲ! ಉಪ್ಪಿನಕಾಯಿಯನ್ನು ಹುಳಿ ಕಾಯುತ್ತದೆ, ಸಪ್ಪೆ ಬೇಳೆಯನ್ನು ಯಾರು ಕಾಯುತ್ತಾರೆ? ಕುದಿಯುವ ನೀರಿಗೂ ಸಾಯದ ಸೂಕ್ಷ್ಮಜೀವಿ ಇರುತ್ತದಂತೆ, ಅದೆಂಥ ಜೀವ?

ಗಡಿಯಾರ ಹಿಡಿದು, ಒತ್ತಡ ಚೂರೂ ಇಳಿಯದಂತೆ ಕಾಯಬೇಕು ಎಂದಿತ್ತು ಅದರಲ್ಲಿ. ನಾನು ಮಾಡಿದ್ದೇನು? ಮನೆಯ ಕುಕ್ಕರಿನಲ್ಲೇ ಇಟ್ಟು, ತೊಗರಿಬೇಳೆಗೆ ಎಣಿಸುವ ಹಾಗೆ ವಿಸಿಲ್ ಎಣಿಸಿದೆ — ಧೈರ್ಯಕ್ಕೆ ಇನ್ನೊಂದಷ್ಟು ಜಾಸ್ತಿ. ವಿಸಿಲ್ ಹೊಡೆದಾಗಲೆಲ್ಲ ಒತ್ತಡ ಬಿದ್ದೇಳುತ್ತದೆ ಎಂದು ಈ ಬುದ್ಧಿವಂತೆಗೆ ಹೊಳೆಯಲೇ ಇಲ್ಲ. ಆರಿದ ಮೇಲೆ ಮುಚ್ಚಳ ಟಕ್ಕೆಂದು ಒಳಕ್ಕೆ ಕೂತಿತು. "ಏನ್ ತಲೆ ಅಕ್ಕ ನಿಮ್ದು!" ಎಂದೆ ನೀನು. ನಾನು ಉಬ್ಬಿಹೋದೆ.

ಹಬ್ಬದ ಹಿಂದಿನ ದಿನ ನೋಡಿದರೆ ಒಂದು ಮುಚ್ಚಳ ಮೇಲೆದ್ದಿತ್ತು. ಬೆರಳಿಂದ ಒತ್ತಿದೆ, ಇಳಿಯಿತು. ಬಿಟ್ಟೆ, ಮತ್ತೆ ಎದ್ದಿತು. ಹೆದರಿಕೆಯಲ್ಲೂ ಇನ್ನೊಮ್ಮೆ ಒತ್ತಿ ನೋಡಿದೆ — ಹಾಳು ಕುತೂಹಲ. ಹುಡುಕಿ ಓದಿದೆ: ಮುಚ್ಚಳ ಹೀಗೆ ಉಬ್ಬಿದರೆ, ಬಣ್ಣ, ವಾಸನೆ ಚೆನ್ನಾಗಿದ್ದರೂ ಒಳಗಿನದು ಜೀವ ತೆಗೆಯುವ ವಿಷವಾಗಿರಬಹುದಂತೆ. "ಕೆಟ್ಟಿದೆ ಅತ್ತೆ, ನನ್ನದೇ ತಪ್ಪು" ಎಂದಿದ್ದರೆ ಸಾಕಿತ್ತು. ಆ ಹೊಲದ ಕೊನೆಯ ಬೆಳೆಯನ್ನು ಹಾಳು ಮಾಡಿದವಳು ನಾನು ಎಂದು — ಬಾಯಿ ಬರಲಿಲ್ಲ. ಹಲಗೆಯ ಮೇಲಿದ್ದ ಸೀಸೆಗಳನ್ನು ತಟ್ಟೆ ಸಮೇತ ನೆಲಕ್ಕೆ ತಳ್ಳಿದೆ.

"ಇವ್ಳ ಕೈಗ್ ಏನ್ ಕೊಟ್ರೂ ಇಂಗೇಯ!" ಎಂದು ಅತ್ತೆ ನಿನ್ನನ್ನು ತೋರಿಸಿ ಅತ್ತರು. ಬ್ಲೀಚಿಂಗ್ ಪೌಡರ್ ಸುರಿದು, ಯಾರನ್ನೂ ಹತ್ತಿರ ಬಿಡದೆ ತೊಳೆದ ನನ್ನ ಚೊಕ್ಕಟತನವನ್ನು ಹೊಗಳಿದರು. ನೀನು ವಾದ ಮಾಡುತ್ತೀಯ ಎಂದುಕೊಂಡಿದ್ದೆ. "ನಾನೇ ಅಂಚಿಗೆ ಇಟ್ಟಿದ್ನೇನೋ ಅಕ್ಕ" ಎಂದೆಯಲ್ಲ, ನಂಬಿಯೇ ಬಿಟ್ಟೆಯಲ್ಲ...

ಆಮೇಲೆ ಎಷ್ಟೋ ಅವರೆ ಕಾಲಗಳು ಬಂದು ಹೋದವು. ಈಗ ಒತ್ತಡ ತೋರಿಸುವ ಮುಳ್ಳಿರುವ ಪಾತ್ರೆ ತಂದಿದ್ದೇನೆ. ಮುಳ್ಳು ಇಳಿಯದಂತೆ ಒಲೆಯ ಮುಂದೆಯೇ ನಿಂತು ಕಲಿಯುತ್ತಿದ್ದೇನೆ. ಅವರೆ ಮಾರ್ಕೆಟ್ಟಿನದು. ಹಿತುಕಿ ಕೊಡುವವಳು ನೀನೇ, ಆದರೆ ಸೀಸೆ ಮುಟ್ಟುವುದಿಲ್ಲ. ನಿನ್ನೆ "ಹಿಡ್ಕೊ" ಎಂದು ಚಾಚಿದರೆ ನೀನು ಕೈ ಹಿಂದಕ್ಕೆ ಕಟ್ಟಿಕೊಂಡು ನಕ್ಕೆ. "ಬೇಡ ಅಕ್ಕ, ನನ್ ಕೈ ಗೊತ್ತಲ್ಲ ನಿಮ್ಗೆ."

ಗೊತ್ತು ಸರಸು. ನಿನ್ನ ಕೈಯಿಂದ ಈ ಮನೆಯಲ್ಲಿ ಒಂದು ಲೋಟವೂ ಬಿದ್ದಿಲ್ಲ. ಸಂಜೆ ಅತ್ತೆ ಕಾಫಿಗೆ ಕೂತಾಗ ನೀನೂ ಬಾ. ನಿನಗೆ ಹೇಳಿದ್ದನ್ನೆಲ್ಲ ಅವರ ಮುಂದೆ ಇನ್ನೊಮ್ಮೆ ಹೇಳುತ್ತೇನೆ.